ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಮತ್ತು ನಮ್ಮೂರಿನ ಮೈದಾನ

(ನಮ್ಮ ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಾಲಿಬಾಲ್ ಪಂದ್ಯಾವಳಿಯ ಉದ್ಘಾಟನಾ ಸಭೆಯಲ್ಲಿ ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಲಾಗಿದೆ.)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತನಾಡುವ ಅವಕಾಶ ಕೊಟ್ಟಿದ್ದೀರಿ. ಅದಕ್ಕೆ ಮೊದಲಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಸಹಕಾರ ಚಳವಳಿಯ ಬಗ್ಗೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ದೀಪದ ಬಗ್ಗೆ, ಬೆಳೆಸಾಲ, ಗೊಬ್ಬರ, ಲಾಭಾಂಶದ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಾವು ಸಂಘದ ಗೋದಾಮಿನ ಹಿಂದಿನ ಮೈದಾನದಲ್ಲಿ ನೆಟ್ಟು ಕಟ್ಟುವವರು, ಸುಣ್ಣದ ಗೆರೆ ಎಳೆಯುವವರು, ಹುಡುಗರಿಗೆ ವಿಸಿಲ್ ಊದುವವರು. ಆದ್ದರಿಂದ ನಮಗೆ ಗೊತ್ತಿರುವ ಆಟದ ವಿಷಯವನ್ನೇ ಮಾತನಾಡುತ್ತೇವೆ. ನಮ್ಮ ನೆರೆಯ ಊರಿನಲ್ಲಿ ಹುಟ್ಟಿ, ಹೊರದೇಶಗಳಲ್ಲಿ ಹೆಸರು ಮಾಡಿದ ಒಬ್ಬ ವಾಲಿಬಾಲ್ ಆಟಗಾರನ ಕಥೆ ಹೇಳುತ್ತೇವೆ. ಕೊನೆಯಲ್ಲಿ ಮಹಾಸಭೆಯ ಮುಂದೆ ಒಂದು ಬಿನ್ನಹವನ್ನೂ ಇಡುತ್ತೇವೆ.

ಕೊಡಗು ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರೋದು ಹಾಕಿ. ಅದರಲ್ಲಿ ತಪ್ಪೇನೂ ಇಲ್ಲ, ಹೆಮ್ಮೆ ಪಡಬೇಕಾದ ಮಾತೇ. ಆದರೆ ಹಾಕಿಗೆ ದೊಡ್ಡ ಬಯಲು ಬೇಕು, ಸ್ಟಿಕ್ಕು ಬೇಕು, ಷೂ ಬೇಕು, ಗೋಲಿಯ ಸಾಮಾನು ಬೇಕು. ವಾಲಿಬಾಲಿಗೆ ಏನು ಬೇಕು? ಎರಡು ಕಂಬ, ಒಂದು ನೆಟ್ಟು, ಒಂದು ಚೆಂಡು. ಬರಿಗಾಲಲ್ಲೂ ಆಡಬಹುದು, ಹನ್ನೆರಡು ಜನ ಒಟ್ಟಿಗೆ ಆಡಬಹುದು. ಅದಕ್ಕೇ ತೋಟದ ಲೈನ್ ಮನೆಗಳ ಮುಂದೆ, ಶಾಲೆಯ ಹಿಂದೆ, ಗದ್ದೆ ಕೊಯ್ಲಾದ ಮೇಲೆ ಗದ್ದೆಯಲ್ಲೇ, ಎಲ್ಲಿ ನೋಡಿದರೂ ಸಂಜೆ ಹೊತ್ತು ನೆಟ್ಟು ಕಾಣುತ್ತದೆ. ದಿನಗೂಲಿಯವನ ಮಗನೂ ತೋಟದ ಧಣಿಯ ಮಗನೂ ಒಂದೇ ಕಡೆ ನಿಂತು ಆಡುವ ಆಟ ಇದು.

1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕರು ಈ ಆಟ ಕಂಡುಹಿಡಿದರು. ಬಾಸ್ಕೆಟ್‌ಬಾಲ್‌ನಷ್ಟು ಓಡಲಾಗದ, ಸ್ವಲ್ಪ ವಯಸ್ಸಾದ ಕೆಲಸಗಾರರಿಗಾಗಿ ಮಾಡಿದ ಆಟವಂತೆ! ಅಲ್ಲಿಂದ ವೈ.ಎಂ.ಸಿ.ಎ. ಸಂಸ್ಥೆಗಳ ಮೂಲಕ ನಮ್ಮ ದೇಶಕ್ಕೆ ಬಂತು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಸೇರಿತು. ಈಗ ವಾಲಿಬಾಲ್ ಗೊತ್ತಿಲ್ಲದ ದೇಶವೇ ಇಲ್ಲ ಎನ್ನಬಹುದು.

ಈಗ ನಮ್ಮ ಕಥೆಗೆ ಬರೋಣ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ಘಾಟಿ ಇಳಿದು ಕೂಟುಪುಳ ಸೇತುವೆ ದಾಟಿದರೆ ಕೇರಳ. ಮುಂದೆ ಇರಿಟ್ಟಿ. ಇರಿಟ್ಟಿಯಿಂದ ದಕ್ಷಿಣಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಪೇರಾವೂರು. ಕಣ್ಣೂರು ಜಿಲ್ಲೆಯ ಒಂದು ಸಣ್ಣ ಪೇಟೆ. ನಮ್ಮ ಹಾಗೆಯೇ ಬೆಟ್ಟದ ಬುಡದ ಊರು, ಮಳೆಯ ಊರು, ಕಾಳುಮೆಣಸಿನ ಊರು. ದಕ್ಷಿಣದ ತಿರುವಾಂಕೂರಿನಿಂದ ರೈತ ಕುಟುಂಬಗಳು ಮಲಬಾರಿನ ಬೆಟ್ಟ ಸೀಮೆಗೆ ವಲಸೆ ಬಂದು, ಕಾಡು ಕಡಿದು, ಜ್ವರ ಜಡ್ಡು ತಡೆದುಕೊಂಡು, ರಬ್ಬರು, ಮೆಣಸು ಬೆಳೆಸಿದ ಪ್ರದೇಶ ಅದು. ಅಂಥ ಊರುಗಳಲ್ಲಿ ಇಗರ್ಜಿ, ಶಾಲೆ ಇವುಗಳ ಜೊತೆಗೇ ಕಾಣುವ ಇನ್ನೊಂದು ವಸ್ತು ವಾಲಿಬಾಲ್ ಕೋರ್ಟು.

ಆ ಪೇರಾವೂರಿನಲ್ಲಿ 1955ರ ಮಾರ್ಚ್ 8ರಂದು ಜಿಮ್ಮಿ ಜಾರ್ಜ್ ಹುಟ್ಟಿದರು. ತಂದೆ ಜಾರ್ಜ್ ಜೋಸೆಫ್, ತಾಯಿ ಮೇರಿ. ತಂದೆ ತಮ್ಮ ಓದಿನ ಕಾಲದಲ್ಲಿ ವಿಶ್ವವಿದ್ಯಾಲಯ ಮಟ್ಟದಲ್ಲಿ ವಾಲಿಬಾಲ್ ಆಡಿದವರು. ಮಕ್ಕಳಿಗೆ ಮೊದಲ ಗುರು ಅವರೇ. ಆ ಮನೆಯಲ್ಲಿ ಗಂಡುಮಕ್ಕಳು ಎಂಟು ಜನ. ಎಂಟೂ ಜನ ವಾಲಿಬಾಲ್ ಆಡಿದವರು! ಒಂದು ತಂಡಕ್ಕೆ ಆರು ಜನ ಸಾಕು. ಆ ಮನೆಯಲ್ಲಿ ತಂಡ ಕಟ್ಟಿ ಇನ್ನೂ ಇಬ್ಬರು ಹೊರಗೆ ಕೂರಬೇಕಿತ್ತು. ನಮ್ಮ ಜಿಲ್ಲೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಹಾಕಿ ಹಬ್ಬ ಶುರು ಮಾಡಿದ್ದು ಇದೇ ಲೆಕ್ಕದ ಮೇಲೆ ಅಲ್ಲವೇ? ಒಂದೊಂದು ಒಕ್ಕದಿಂದ ಒಂದೊಂದು ತಂಡ. ಮನೆಯೇ ಮೊದಲ ಕ್ಲಬ್ಬು, ಅಂಗಳವೇ ಮೊದಲ ಸ್ಟೇಡಿಯಂ.

ಜಿಮ್ಮಿ ಚಿಕ್ಕಂದಿನಲ್ಲಿ ಒಳ್ಳೆಯ ಈಜುಗಾರನೂ ಆಗಿದ್ದರು. ಆದರೆ ಮನಸ್ಸು ನಿಂತಿದ್ದು ವಾಲಿಬಾಲಿನಲ್ಲಿ. 1971ರಲ್ಲಿ, ಹದಿನಾರನೆಯ ವಯಸ್ಸಿಗೆ, ಕೇರಳ ರಾಜ್ಯ ತಂಡಕ್ಕೆ ಸೇರಿದರು. ಈಗಿನ ಹುಡುಗರು ಗಮನಿಸಬೇಕು; ಹದಿನಾರು ಅಂದರೆ ಎಸ್.ಎಸ್.ಎಲ್.ಸಿ. ಮುಗಿಸುವ ವಯಸ್ಸು. 1974ರಲ್ಲಿ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಬನಿಯನ್ ತೊಟ್ಟಾಗ ಅವರಿಗೆ ಹತ್ತೊಂಬತ್ತು. 1976ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ ಇಪ್ಪತ್ತೊಂದು. ವೈದ್ಯಕೀಯ ಓದುತ್ತಿದ್ದ ಹುಡುಗ ಅದನ್ನು ಬಿಟ್ಟು ಅದೇ 1976ರಲ್ಲಿ ಕೇರಳ ಪೊಲೀಸ್ ಇಲಾಖೆಗೆ ಸೇರಿದರು, ಆಟ ಆಡುವುದಕ್ಕಾಗಿ.

ಇದನ್ನು ಕೇಳಿ ಇಲ್ಲಿ ಕೂತಿರುವ ತಾಯಂದಿರು ಒಂದು ಕ್ಷಣ ಬೆಚ್ಚಿರಬಹುದು. ಡಾಕ್ಟರಾಗಬೇಕಿದ್ದ ಮಗ ಓದು ಬಿಟ್ಟು ಚೆಂಡು ಹಿಡಿದರೆ ಯಾವ ತಾಯಿಗೆ ಸಂಕಟವಾಗೋದಿಲ್ಲ? ಓದು ಬಿಡಿ ಅಂತ ನಾವು ಯಾವ ಮಗುವಿಗೂ ಹೇಳುವುದಿಲ್ಲ. ಆದರೆ ಒಂದು ಸಂಗತಿ ನೋಡಿ: ಜಿಮ್ಮಿ ಓದು ಬಿಟ್ಟದ್ದು ಬೀದಿಗೆ ಬೀಳಲು ಅಲ್ಲ. ಅವರ ಕೈಗೆ ಒಂದು ಸರ್ಕಾರಿ ಉದ್ಯೋಗ ಸಿಕ್ಕಿತು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ವಾಲಿಬಾಲ್ ಆಡಿ ಸಂಬಳ ಪಡೆಯುವ ಲೀಗ್ ಇರಲಿಲ್ಲ. ಪೊಲೀಸ್, ರೈಲ್ವೆ, ಬ್ಯಾಂಕು, ಸೇನೆ ಇಂಥ ಇಲಾಖೆಗಳು ಆಟಗಾರರನ್ನು ಸೇರಿಸಿಕೊಂಡು, ಬೆಳಿಗ್ಗೆ ಸಂಜೆ ಅಭ್ಯಾಸಕ್ಕೆ ಬಿಟ್ಟು, ತಿಂಗಳ ಕೊನೆಗೆ ಸಂಬಳ ಕೊಡುತ್ತಿದ್ದವು. ಭಾರತದ ವಾಲಿಬಾಲ್ ಬಹಳ ಕಾಲ ನಿಂತದ್ದು ಈ ಕಂಬದ ಮೇಲೆಯೇ. ಆಟಗಾರನ ಹಿಂದೆ ಒಂದು ಸಂಸ್ಥೆ ನಿಲ್ಲದೆ ಹೋದರೆ, ಎಷ್ಟೇ ಎತ್ತರ ಹಾರುವವನಾದರೂ ಮದುವೆಯಾಗಿ ಎರಡು ವರ್ಷಕ್ಕೆ ಆಟ ಬಿಟ್ಟು ಬೇರೆ ದುಡಿಮೆ ಹುಡುಕಬೇಕಾಗುತ್ತದೆ. ಇದು ನಮ್ಮ ಕಣ್ಣ ಮುಂದೆಯೇ ನಡೆಯುವ ವಿಷಯ, ಬಿಡಿಸಿ ಹೇಳಬೇಕಿಲ್ಲ.

1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲೂ ಜಿಮ್ಮಿ ಆಡಿದರು. ಆಮೇಲೆ 1979ರಲ್ಲಿ ಅಬುಧಾಬಿ ಸ್ಪೋರ್ಟ್ಸ್ ಕ್ಲಬ್‌ನಿಂದ ಕರೆ ಬಂತು. ಆ ವರ್ಷಗಳಲ್ಲಿ ಮಲಬಾರಿನಿಂದಲೂ ನಮ್ಮ ಕರಾವಳಿಯಿಂದಲೂ ಸಾವಿರಾರು ಜನ ಗಲ್ಫಿಗೆ ಹೋದರು. ಕಟ್ಟಡ ಕಟ್ಟಲು ಹೋದರು, ಅಂಗಡಿಯಲ್ಲಿ ನಿಲ್ಲಲು ಹೋದರು, ಡ್ರೈವರಾಗಲು ಹೋದರು. ಜಿಮ್ಮಿ ಆಡಲು ಹೋದರು. ಹೋದ ಕೆಲಸ ಬೇರೆ, ಆದರೆ ಊರು ಬಿಟ್ಟು, ಮನೆಯವರನ್ನು ಬಿಟ್ಟು, ಗೊತ್ತಿಲ್ಲದ ಭಾಷೆಯ ನಡುವೆ ತನ್ನ ಕೈಕಾಲಿನ ಶಕ್ತಿಯ ಮೇಲೆ ನಿಲ್ಲುವುದು ಎಲ್ಲರಿಗೂ ಒಂದೇ. 1982ರವರೆಗೆ ಅಲ್ಲಿ ಆಡಿ, ಅದೇ ವರ್ಷ ಇಟಲಿಗೆ ಹೋದರು. ಭಾರತದಿಂದ ಹೊರಗೆ ಹೋಗಿ ವೃತ್ತಿಪರ ವಾಲಿಬಾಲ್ ಆಡಿದ ಮೊದಲಿಗ ಎಂದು ಅವರ ಹೆಸರು ನಿಂತಿತು.

ಇಟಲಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ವಾಲಿಬಾಲ್ ಕ್ಲಬ್ಬುಗಳು ದೊಡ್ಡ ರಾಜಧಾನಿಗಳಲ್ಲಿ ಮಾತ್ರ ಇರುವುದಲ್ಲ. ಮೊಡೆನಾ, ಟ್ರೆವಿಸೊ, ಪಾರ್ಮಾ ಇಂಥ ಮಧ್ಯಮ ಊರುಗಳೇ ಆಟದ ಮನೆ. ಊರಿನ ಒಂದು ಕಾರ್ಖಾನೆಯೋ ಕಂಪನಿಯೋ ಹಣ ಹಾಕುತ್ತದೆ, ಊರಿನ ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಶಾಲೆ ಮಕ್ಕಳು ಕ್ಲಬ್ಬಿನ ಕಿರಿಯರ ತಂಡದಲ್ಲಿ ಕಲಿಯುತ್ತಾರೆ. ಹೀಗೆ ಕೆಳಗಿನಿಂದ ಕಟ್ಟಿಕೊಂಡು ಬಂದದ್ದರಿಂದಲೇ 1990, 1994, 1998 ಹೀಗೆ ಸಾಲಾಗಿ ಮೂರು ಸಲ ಇಟಲಿಯ ಪುರುಷರು ವಿಶ್ವ ಚಾಂಪಿಯನ್ ಆದರು. ಜಿಮ್ಮಿ ಅಲ್ಲಿಗೆ ಹೋದದ್ದು ಆ ಮರ ಹೂ ಬಿಡುವುದಕ್ಕೆ ಸ್ವಲ್ಪ ಮುಂಚಿನ ಕಾಲದಲ್ಲಿ.

ಒಂದು ಕ್ಲಬ್ಬಿನಲ್ಲಿ ಕೆಲವೇ ಕೆಲವು ವಿದೇಶಿಯರಿಗೆ ಜಾಗ. ಹಾಗಾದರೆ ಹೊರಗಿನವನನ್ನು ಅವರು ಯಾಕೆ ಕರೆಸಿಕೊಳ್ಳುತ್ತಾರೆ? ಊರಿನ ಹುಡುಗ ಮಾಡಲಾಗದ ಕೆಲಸವನ್ನು ಇವನು ಮಾಡಲಿ ಅಂತ. ಊರಿನ ಆಟಗಾರನಿಗೆ ಒಂದು ದಿನ ಕೈ ಕೊಟ್ಟರೂ ನಡೆಯುತ್ತದೆ, ಸಂಬಳ ತೆಗೆದುಕೊಂಡು ಬಂದ ಪರದೇಶಿಗೆ ನಡೆಯೋದಿಲ್ಲ. ಚಳಿಗಾಲದಲ್ಲಿ, ಹಿಮ ಬೀಳುವ ದಿನಗಳಲ್ಲಿ, ವಾರ ವಾರವೂ ಪಂದ್ಯ. ನಡುವೆ ದಿನಾ ಅಭ್ಯಾಸ. ಎರಡು ಪಂದ್ಯ ಸೋತರೆ ಜನ ಮೊದಲು ಬೆರಳು ತೋರಿಸೋದು ಹೊರಗಿನವನ ಕಡೆಗೆ. ಹೆಸರು, ಹಣ ಕಾಣುವ ನಮಗೆ ಇದು ಕಾಣೋದಿಲ್ಲ. ಅಂತರರಾಷ್ಟ್ರೀಯ ಆಟಗಾರ ಅಂದರೆ ವಿಮಾನದಲ್ಲಿ ಓಡಾಡುವವನು ಅಂತ ತಿಳಿಯುತ್ತೇವೆ. ಅವನು ಪ್ರತಿ ವರ್ಷ ಪರೀಕ್ಷೆ ಬರೆದು, ಪ್ರತಿ ವರ್ಷವೂ ಪಾಸಾಗಲೇಬೇಕಾದ ವಿದ್ಯಾರ್ಥಿ. ಕರಾರು ಮುಗಿದ ಮೇಲೆ ಮುಂದಿನ ಸಾಲಿಗೆ ಕರೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಂಥ ಕಡೆ ನಮ್ಮ ಪಕ್ಕದ ಪೇರಾವೂರಿನ ಹುಡುಗ ಸಾಲಿಗೆ ಸಾಲು ನಿಂತರು ಅನ್ನುವುದೇ ದೊಡ್ಡ ಪ್ರಶಸ್ತಿ ಪತ್ರ.

ಜಿಮ್ಮಿಯವರ ಆಟದ ವಿಶೇಷ ಅವರ ಜಿಗಿತ. ಪುರುಷರ ನೆಟ್ಟಿನ ಎತ್ತರ ಎರಡು ಮೀಟರ್ 43 ಸೆಂಟಿಮೀಟರ್. ಅದರ ಮೇಲೆ ಎದ್ದು, ಗಾಳಿಯಲ್ಲಿ ಒಂದು ಗಳಿಗೆ ನಿಂತಂತೆ ನಿಂತು, ಎದುರಿನ ಬ್ಲಾಕು ಕೆಳಗಿಳಿಯುವ ಹೊತ್ತಿಗೆ ಹೊಡೆಯುತ್ತಿದ್ದರು ಎಂದು ನೋಡಿದವರೆಲ್ಲ ಹೇಳುತ್ತಾರೆ. ಆ ಕಾಲದ ಲೆಕ್ಕವೂ ಈಗಿನ ಹಾಗೆ ಇರಲಿಲ್ಲ. ಈಗ ಯಾರು ಸರ್ವಿಸ್ ಮಾಡಿದರೂ ಚೆಂಡು ಬಿದ್ದ ಕಡೆಗೆ ವಿರುದ್ಧವಾಗಿ ಪಾಯಿಂಟು, ಸೆಟ್ಟಿಗೆ ಇಪ್ಪತ್ತೈದು. ಆಗ ಸೆಟ್ಟಿಗೆ ಹದಿನೈದು, ಸರ್ವಿಸ್ ಕೈಯಲ್ಲಿದ್ದವರಿಗೆ ಮಾತ್ರ ಪಾಯಿಂಟು. ಇಲ್ಲದಿದ್ದರೆ ಬರೀ ಸರ್ವಿಸ್ ಬದಲು. ಒಂದೊಂದು ಪಾಯಿಂಟಿಗೆ ಐದಾರು ಸಲ ಸರ್ವಿಸ್ ಆ ಕಡೆ ಈ ಕಡೆ ಹೋಗಿ ಬರುತ್ತಿತ್ತು. ಇಲ್ಲಿ ಕೂತಿರುವ ಐವತ್ತು ದಾಟಿದ ಆಟಗಾರರಿಗೆ ಅದು ನೆನಪಿರುತ್ತದೆ. ಆ ಆಟದಲ್ಲಿ ಸ್ಮ್ಯಾಶರ್ ಒಂದೇ ಸಂಜೆಯಲ್ಲಿ ಎಷ್ಟು ಸಲ ಹಾರಬೇಕಿತ್ತು, ನೀವೇ ಲೆಕ್ಕ ಹಾಕಿ!

ಆದರೆ ಜಿಮ್ಮಿ ಒಬ್ಬರೇ ಹಾರಿದರೆ ಆಟ ಆಗುತ್ತದೆಯೇ? ವಾಲಿಬಾಲಿನ ಕಾನೂನು ನೋಡಿ. ಚೆಂಡನ್ನು ಯಾರೂ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಬ್ಲಾಕು ಒಂದನ್ನು ಬಿಟ್ಟರೆ, ಒಬ್ಬನೇ ಸಾಲಾಗಿ ಎರಡು ಸಲ ಮುಟ್ಟುವ ಹಾಗಿಲ್ಲ. ಮೂರು ಮುಟ್ಟಿನೊಳಗೆ ಆಚೆ ದಾಟಿಸಬೇಕು. ಹಿಂದೆ ನಿಂತವನು ಮಣ್ಣಿನಲ್ಲಿ ಬಿದ್ದು ಚೆಂಡು ಎತ್ತಬೇಕು, ಲಿಫ್ಟರ್ ಅದನ್ನು ನೆಟ್ಟಿನ ಪಕ್ಕಕ್ಕೆ ತೂಗಿ ಕೊಡಬೇಕು, ಆಮೇಲೆ ಸ್ಮ್ಯಾಶರ್ ಹೊಡೆಯಬೇಕು. ಚಪ್ಪಾಳೆ ಬೀಳೋದು ಕೊನೆಯವನಿಗೆ. ಸಹಕಾರ ಸಂಘದಲ್ಲೂ ಹೀಗೇ ತಾನೆ? ಹಣ ಒಬ್ಬನ ಕೈಯಲ್ಲೇ ನಿಂತರೆ ಸಂಘ ಮುಳುಗಿತು. ಕೊಟ್ಟ ಸಾಲ ತಿರುಗಿ ಬರಬೇಕು, ಇನ್ನೊಬ್ಬನ ಕೈಗೆ ಹೋಗಬೇಕು. ಚೆಂಡು ಹಿಡಿದು ನಿಂತವನಿಗೆ ರೆಫ್ರಿ ವಿಸಿಲ್ ಊದುತ್ತಾನೆ; ಸಾಲ ಹಿಡಿದು ಕೂತವನಿಗೆ ನಮ್ಮ ಕಾರ್ಯದರ್ಶಿಗಳು ನೋಟೀಸು ಕಳಿಸುತ್ತಾರೆ!

ಹೊರದೇಶದಲ್ಲಿ ಸಂಬಳಕ್ಕೆ ಆಡುವವನು ಸ್ವಂತ ದೇಶವನ್ನು ಮರೆಯುತ್ತಾನೆ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಜಿಮ್ಮಿ ಆಡಿದ ಏಷ್ಯನ್ ಕ್ರೀಡಾಕೂಟಗಳ ಪಟ್ಟಿಯಲ್ಲಿ 1974 ಇದೆ, 1978 ಇದೆ, ನಮ್ಮದೇ ದೆಹಲಿಯಲ್ಲಿ ನಡೆದ 1982 ಇಲ್ಲ. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. 1985ರಲ್ಲಿ ಸೌದಿ ಅರೇಬಿಯಾದಲ್ಲಿ ಆಡಿದ ಭಾರತ ತಂಡಕ್ಕೆ ಅವರೇ ನಾಯಕ. 1986ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲೂ ಅವರೇ ನಾಯಕ. ಅದೇ ವರ್ಷ ಸಿಯೋಲ್ ಏಷ್ಯನ್ ಕ್ರೀಡಾಕೂಟಕ್ಕೆ ಬಂದಾಗ ಅವರು ಇಟಲಿಯಲ್ಲಿ ಪಳಗಿದ ಆಟಗಾರ, ವಯಸ್ಸು ಮೂವತ್ತೊಂದು. ಸಿರಿಲ್ ವಳ್ಳೂರ್ ಮೊದಲಾದವರ ಜೊತೆ ಸೇರಿ ಆಡಿದ ಆ ತಂಡ ಕಂಚಿನ ಪದಕ ತಂದಿತು. ಚೀನಾ, ದಕ್ಷಿಣ ಕೊರಿಯಾ ಆದಮೇಲೆ ಭಾರತ. 1972ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಜಪಾನ್ ನಮ್ಮ ಹಿಂದೆ.

ಆ ಪದಕದ ಬೆಲೆ ತಿಳಿಯಬೇಕಾದರೆ ಮುಂದಿನದ್ದನ್ನು ಕೇಳಿ. ಏಷ್ಯನ್ ಕ್ರೀಡಾಕೂಟದ ವಾಲಿಬಾಲಿನಲ್ಲಿ ನಮ್ಮ ಪುರುಷರಿಗೆ ಬಂದಿರುವುದು ಮೂರೇ ಪದಕ. 1958ರಲ್ಲಿ ಟೋಕಿಯೋದಲ್ಲಿ ಕಂಚು, 1962ರಲ್ಲಿ ಜಕಾರ್ತದಲ್ಲಿ ಬೆಳ್ಳಿ, 1986ರಲ್ಲಿ ಸಿಯೋಲ್‌ನಲ್ಲಿ ಕಂಚು. ಆಮೇಲೆ ಬಂದಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಮ್ಮ ಹುಡುಗರು ದಕ್ಷಿಣ ಕೊರಿಯಾದಂಥ ತಂಡವನ್ನೇ ಐದು ಸೆಟ್ಟುಗಳಲ್ಲಿ ಸೋಲಿಸಿದರು, ಕ್ವಾರ್ಟರ್ ಫೈನಲ್ ಮುಟ್ಟಿದರು, ಕೊನೆಗೆ ಆರನೆಯ ಸ್ಥಾನ. ಹೊರಗೆ ಹೋಗಿ ಕಲಿತು ಬಂದವನಿಂದ ತಂಡಕ್ಕೆ ನಷ್ಟವೋ ಲಾಭವೋ ಎಂದು ಕೇಳುವವರಿಗೆ ಸಿಯೋಲ್ ಪದಕವೇ ಉತ್ತರ ಹೇಳುತ್ತದೆ. ಊರು ಬಿಟ್ಟು ದುಡಿಯಲು ಹೋದ ಮಕ್ಕಳ ಬಗ್ಗೆ ನಾವು ಆಡುವ ಮಾತುಗಳಿಗೂ ಈ ಲೆಕ್ಕ ಸ್ವಲ್ಪ ಅನ್ವಯಿಸುತ್ತದೆ. ಹೋದವನು ಹೋದ ಅಂತ ಖಾತೆ ಮುಚ್ಚಬೇಡಿ.

ಸಿಯೋಲ್ ಆಗಿ ಒಂದು ವರ್ಷ ಕಳೆದಿತ್ತು ಅಷ್ಟೇ. 1987ರ ನವೆಂಬರ್ 30ರಂದು ಇಟಲಿಯಲ್ಲಿ ಕಾರು ಅಪಘಾತದಲ್ಲಿ ಜಿಮ್ಮಿ ಜಾರ್ಜ್ ತೀರಿಕೊಂಡರು. ವಯಸ್ಸು ಮೂವತ್ತೆರಡು. ಬೆಟ್ಟದ ಬುಡದ ಆ ಪೇಟೆಯಲ್ಲಿ ಅಂದು ಎಂಥ ದುಃಖ ಕವಿದಿರಬೇಕು ಎಂದು ನಾವು ಊಹಿಸಬಹುದು. ದೂರದ ದೇಶದಿಂದ ಮಗ ಬರುತ್ತಾನೆ ಅಂತ ಕಾಯುವ ಮನೆಗಳು ನಮ್ಮಲ್ಲೂ ಇವೆಯಲ್ಲ.

ಸತ್ತ ಮೇಲೆ ಯಾರು ಯಾರನ್ನು ಎಷ್ಟು ದಿನ ನೆನೆಯುತ್ತಾರೆ? ಕೇರಳದವರು ತಿರುವನಂತಪುರದ ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೆ ಜಿಮ್ಮಿ ಜಾರ್ಜ್ ಹೆಸರಿಟ್ಟರು. ಅವರ ಹೆಸರಿನಲ್ಲಿ 1989ರಿಂದ ಕೇರಳದ ಉತ್ತಮ ಕ್ರೀಡಾಪಟುಗಳಿಗೆ ಪ್ರಶಸ್ತಿ ಕೊಡಲು ಶುರು ಮಾಡಿದರು. ಅಬುಧಾಬಿಯಲ್ಲಿ ಮಲಯಾಳಿಗಳು ಅವರ ಸ್ಮರಣೆಗಾಗಿ ಪಂದ್ಯಾವಳಿ ನಡೆಸುತ್ತಾ ಬಂದರು. ಇವೆಲ್ಲ ಸ್ವಂತ ಜನ ಮಾಡಿದ್ದು, ಮಾಡಬೇಕಾದದ್ದೇ. ಆದರೆ ಇಟಲಿಯ ಉತ್ತರದಲ್ಲಿ ಬ್ರೆಷಾ ಪ್ರಾಂತ್ಯದ ಮೊಂಟಿಕಿಯಾರಿ ಎಂಬ ಊರಿದೆ. ಜಿಮ್ಮಿ ಕೊನೆಯ ದಿನಗಳಲ್ಲಿ ಆಡುತ್ತಿದ್ದುದು ಅಲ್ಲಿ. ಆ ಊರಿನವರು 1993ರಲ್ಲಿ ಒಂದು ಒಳಾಂಗಣ ಕ್ರೀಡಾಂಗಣ ತೆರೆದು ಅದಕ್ಕೆ 'ಪಾಲಾಜಾರ್ಜ್' ಅಂತ ಹೆಸರಿಟ್ಟರು. ಅವರ ಭಾಷೆಯಲ್ಲಿ ಕ್ರೀಡಾಂಗಣಕ್ಕೆ 'ಕ್ರೀಡಾ ಅರಮನೆ' ಅನ್ನುವ ಅರ್ಥದ ಮಾತು ಬಳಸುತ್ತಾರೆ. ಜಾರ್ಜನ ಅರಮನೆ ಅಂತ ತಿಳಿದುಕೊಳ್ಳಿ. ಅಲ್ಲಿ ಹುಟ್ಟಿದವನಲ್ಲ, ಅವರ ಭಾಷೆಯವನಲ್ಲ. ಬಂದ, ಪ್ರಾಮಾಣಿಕವಾಗಿ ಆಡಿದ, ಅವರ ಜೊತೆ ಬೆರೆತ. ಅಷ್ಟಕ್ಕೇ ಪೇರಾವೂರಿನ ಹುಡುಗನ ಹೆಸರು ಇಟಲಿಯ ಒಂದು ಊರಿನ ಮಕ್ಕಳ ಬಾಯಲ್ಲಿ ಉಳಿಯಿತು.

ಆ ಮನೆಯ ಆಟ ಅಲ್ಲಿಗೇ ನಿಲ್ಲಲಿಲ್ಲ. ಜಿಮ್ಮಿಯವರ ತಮ್ಮ ರಾಬರ್ಟ್ ಬಾಬಿ ಜಾರ್ಜ್ ಟ್ರಿಪಲ್ ಜಂಪ್ ಕಡೆಗೆ ತಿರುಗಿದರು, ಆಮೇಲೆ ತರಬೇತುದಾರರಾದರು. ಅವರ ಪತ್ನಿ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದು ದೇಶಕ್ಕೆ ಹೆಸರು ತಂದರು. ಅವರ ತರಬೇತಿ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ವಾಲಿಬಾಲಿಗೆ ಜಿಮ್ಮಿಗಿಂತ ಒಂದು ವರ್ಷ ಮುಂಚೆ, 1975ರಲ್ಲೇ, ಕೇರಳದ ಕೆ. ಸಿ. ಏಲಮ್ಮ ಅರ್ಜುನ ಪ್ರಶಸ್ತಿ ಪಡೆದಿದ್ದರು. ಆದ್ದರಿಂದ ಗೋದಾಮಿನ ಹಿಂದಿನ ಮೈದಾನ ಗಂಡುಹುಡುಗರ ಆಸ್ತಿ ಅಂತ ಯಾರೂ ತಿಳಿಯುವುದು ಬೇಡ. ವಾರದಲ್ಲಿ ಎರಡು ಸಂಜೆ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಿ ಅಂತ ನಮ್ಮ ಹುಡುಗರಿಗೆ ಈ ವೇದಿಕೆಯಿಂದಲೇ ಹೇಳುತ್ತಿದ್ದೇವೆ.

ಈಗ ಕಾಲ ಬದಲಾಗಿದೆ. 2022ರಲ್ಲಿ ನಮ್ಮ ದೇಶದಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಶುರುವಾಯಿತು. ಮೊದಲ ವರ್ಷದಿಂದಲೇ ಬೆಂಗಳೂರಿನ ತಂಡವೂ ಇತ್ತು. 2023ರ ಡಿಸೆಂಬರಿನಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕೋರಮಂಗಲದಲ್ಲಿ ನಡೆಯಿತು. ಗೆದ್ದದ್ದು ಇಟಲಿಯ ಪೆರುಜಾ ಕ್ಲಬ್ಬು. ನಮ್ಮ ದೇಶದಿಂದ ಅಹಮದಾಬಾದಿನ ತಂಡ ಆಡಿತು. 1982ರಲ್ಲಿ ಇಟಲಿಯ ಕ್ಲಬ್ಬಿನ ಆಟ ಆಡಬೇಕಾದರೆ ಜಿಮ್ಮಿ ಸಮುದ್ರ ದಾಟಬೇಕಿತ್ತು. ನಲವತ್ತೊಂದು ವರ್ಷದ ಮೇಲೆ ಇಟಲಿಯ ಕ್ಲಬ್ಬೇ ನಮ್ಮ ರಾಜಧಾನಿಗೆ ಬಂದು ಆಡಿ ಹೋಯಿತು. ದಾರಿ ಅಷ್ಟರಮಟ್ಟಿಗೆ ಹತ್ತಿರವಾಗಿದೆ. ಆದರೆ ದಾರಿಯ ಈ ಕಡೆಯ ತುದಿ ಎಲ್ಲಿದೆ? ಅದು ಕೋರಮಂಗಲದಲ್ಲಿ ಇಲ್ಲ, ನಮ್ಮಂಥ ಊರಿನ ಎರಡು ಕಂಬದ ನಡುವೆ ಇದೆ.

ತಮ್ಮಂದಿರಿಗೆ ಒಂದು ಮಾತು. ಇಲ್ಲಿ ಆಡುವವರೆಲ್ಲ ಜಿಮ್ಮಿ ಜಾರ್ಜ್ ಆಗುತ್ತೀರಿ ಅಂತ ನಾವು ಸುಳ್ಳು ಹೇಳುವುದಿಲ್ಲ. ಸಾವಿರಕ್ಕೊಬ್ಬ ರಾಜ್ಯ ತಂಡ ಸೇರಿದರೆ ಪುಣ್ಯ. ಆಟಗಾರನ ಆಯುಸ್ಸು ಕಡಿಮೆ, ಮೊಣಕಾಲು ಒಂದು ದಿನ ಮಾತು ಕೇಳೋದಿಲ್ಲ. ಆದ್ದರಿಂದ ಓದು ಬಿಡಬೇಡಿ, ಕ್ರೀಡಾ ಕೋಟಾದ ಅರ್ಜಿ ಕರೆದಾಗ ಸೋಮಾರಿತನ ಮಾಡಬೇಡಿ, ಪಂದ್ಯಾವಳಿಗಳ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಫೈಲು ಮಾಡಿ ಇಟ್ಟುಕೊಳ್ಳಿ. ರಾಜ್ಯ ತಂಡ ಸಿಗದಿದ್ದರೂ ಸಂಜೆ ಎರಡು ಗಂಟೆ ಮೈದಾನದಲ್ಲಿ ಬೆವರು ಹರಿಸಿದ ಹುಡುಗ ಬಾರಿನ ಮುಂದೆ ನಿಲ್ಲುವುದಿಲ್ಲ. ಇದು ಇಲ್ಲಿನ ಎಲ್ಲ ತಾಯಂದಿರಿಗೂ ಗೊತ್ತು.

ಈಗ ನಮ್ಮ ಬಿನ್ನಹ. ಗೋದಾಮಿನ ಹಿಂದಿನ ಜಾಗದಲ್ಲಿ ಬಾಡಿಗೆ ಮಳಿಗೆಗಳನ್ನು ಕಟ್ಟಬೇಕೆಂಬ ವಿಷಯ ಬರುವ ಮಹಾಸಭೆಯ ಮುಂದೆ ಇದೆ. ನಾವು ಅದಕ್ಕೆ ವಿರೋಧಿಗಳಲ್ಲ. ಸಂಘಕ್ಕೆ ಆದಾಯ ಬೇಕು. ಕಾಫಿ, ಮೆಣಸಿನ ಧಾರಣೆ ಒಂದು ವರ್ಷ ಏರಿ ಒಂದು ವರ್ಷ ಇಳಿಯುವಾಗ ತಿಂಗಳ ಬಾಡಿಗೆ ನಿಶ್ಚಿತ ವರಮಾನ. ಇದು ಆಡಳಿತ ಮಂಡಳಿಯ ದೂರದೃಷ್ಟಿಯೇ ಹೌದು. ಆದರೆ ಒಂದು ಲೆಕ್ಕ ಕೇಳಿ. ವಾಲಿಬಾಲ್ ಕೋರ್ಟಿನ ಉದ್ದ 18 ಮೀಟರ್, ಅಗಲ 9 ಮೀಟರ್. ಸುತ್ತ ಓಡಾಡಲು ಮೂರು ಮೂರು ಮೀಟರ್ ಬಿಟ್ಟರೆ 24ಕ್ಕೆ 15. ಒಟ್ಟು 360 ಚದರ ಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂಬತ್ತು ಸೆಂಟು. ಒಂದು ಎಕರೆಯಲ್ಲಿ ನೂರು ಸೆಂಟು. ಅದರಲ್ಲಿ ಒಂಬತ್ತು ಸೆಂಟು ಕೇಳುತ್ತಿದ್ದೇವೆ. ಮಳಿಗೆಗಳನ್ನು ರಸ್ತೆಯ ಕಡೆಗೆ ಸಾಲಾಗಿ ಕಟ್ಟಿ, ಹಿಂದೆ ಈ ಒಂಬತ್ತು ಸೆಂಟನ್ನು ಬಿಟ್ಟರೆ ಎರಡೂ ಉಳಿಯುತ್ತವೆ. ಒಂದು ಸಲ ಕಾಂಕ್ರೀಟು ಬಿದ್ದ ಮೇಲೆ ಮಕ್ಕಳಿಗೆ ಜಾಗ ಹುಡುಕಿಕೊಡಲು ಈ ಊರಿನಲ್ಲಿ ಯಾರ ಕೈಯಲ್ಲೂ ಆಗೋದಿಲ್ಲ. ತೋಟದ ಬೇಲಿಗಳು ರಸ್ತೆಯವರೆಗೂ ಬಂದಿವೆ, ಶಾಲೆಯ ಅಂಗಳದಲ್ಲಿ ಹೊಸ ಕೊಠಡಿಗಳು ಎದ್ದಿವೆ. ಎಲ್ಲರಿಗೂ ಸೇರಿದ ಬಯಲು ಅಂತ ಉಳಿದಿರುವುದು ಇದೊಂದೇ.

ಕಂಬ, ನೆಟ್ಟು, ಚೆಂಡಿನ ಖರ್ಚನ್ನು ಸಂಘದಿಂದ ಕೇಳುವುದಿಲ್ಲ. ಅದನ್ನು ಇಷ್ಟು ವರ್ಷ ನಾವು ಆಟಗಾರರೇ ಕೈಯಿಂದ ಹಾಕಿಕೊಂಡು ಬಂದಿದ್ದೇವೆ, ಮುಂದೆಯೂ ಹಾಕುತ್ತೇವೆ. ಗೊಬ್ಬರದ ಲಾರಿ ಬಂದ ದಿನ ಆಟ ನಿಲ್ಲಿಸಿ ದಾರಿ ಬಿಡುತ್ತೇವೆ; ಬೇಕಾದರೆ ಮೂಟೆ ಇಳಿಸಲು ಹುಡುಗರೂ ಕೈ ಕೊಡುತ್ತಾರೆ. ಜಾಗ ಮಾತ್ರ ನಿಮ್ಮದು, ಅದನ್ನು ಉಳಿಸಿಕೊಡುವ ಅಧಿಕಾರವೂ ನಿಮ್ಮದು. ಮಹಾಸಭೆಯ ದಿನ ಕೈ ಎತ್ತುವ ಮುನ್ನ ಹಿರಿಯರು ಒಂದು ಸಂಜೆ ಬಂದು ಮೈದಾನದ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಿ. ಆಮೇಲೆ ನೀವು ಏನು ತೀರ್ಮಾನ ಮಾಡಿದರೂ ನಾವು ತಲೆಬಾಗುತ್ತೇವೆ.

ಮೊಂಟಿಕಿಯಾರಿಯ ಜನ ತಮ್ಮವನಲ್ಲದ ಒಬ್ಬ ಹುಡುಗನಿಗಾಗಿ ಅಷ್ಟು ದೊಡ್ಡ ಕ್ರೀಡಾಂಗಣಕ್ಕೆ ಹೆಸರಿಟ್ಟರು. ನಾವು ನಮ್ಮವೇ ಮಕ್ಕಳಿಗಾಗಿ ಒಂಬತ್ತು ಸೆಂಟು ಮಣ್ಣು ಉಳಿಸಿಕೊಂಡರೆ ಸಾಕು. ಅದಕ್ಕೆ ಯಾರ ಹೆಸರೂ ಬೇಡ, ಕಲ್ಲಿನ ಫಲಕವೂ ಬೇಡ.

ಇಂದು ಆಡಲಿರುವ ಎಲ್ಲ ತಂಡಗಳಿಗೂ ಶುಭ ಕೋರುತ್ತೇವೆ. ಗೆದ್ದವರು ಸೋತವರ ಕೈ ಕುಲುಕಿ, ಸೋತವರು ಸಂಘದ ಊಟ ಮಾಡಿಕೊಂಡೇ ಹೋಗಿ. ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅಂದು ಈ ಮೈದಾನದಲ್ಲಿ ನಿಮ್ಮ ಮಕ್ಕಳು ಆಡುತ್ತಿರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.